ತುಟಿಮಾತು

ಸೊಸೆ ಪಾತ್ರೆ ಜೋಡಿಸುವುದನ್ನು ನೋಡುತ್ತ ಕೂರುವುದು ಗಿರಣಿಯಮ್ಮನಿಗೆ ಚಟವೇ ಆಗಿಹೋಗಿತ್ತು. ಸ್ಟೀಲಿನ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ ಯಾರ ಮನೆಯಲ್ಲಾದರೂ ಠಣ್ ಎನ್ನಬೇಕು, ಅದು ತಟ್ಟೆಯ ಹುಟ್ಟುಗುಣ. ಈ ಹುಡುಗಿ ಮಾತ್ರ ಮೇಲಿನ ತಟ್ಟೆಯ ಅಂಚಿಗೆ ಎರಡು ಬೆರಳು ಕೊಟ್ಟು ಇಳಿಸಿ, ತಟ್ಟೆಗೆ ತಟ್ಟೆ ತಾಗಿದ ಮೇಲೆ, ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ತೆಗೆಯುವ ಹಾಗೆ ಬೆರಳನ್ನು ಎಳೆದುಕೊಳ್ಳುತ್ತಿದ್ದಳು. ಬಾಗಿಲು ಹಾಕುವಾಗ ಚಿಲಕವನ್ನು ಮೊದಲೇ ತಿರುಗಿಸಿ ಹಿಡಿದು, ಬಾಗಿಲು ಚೌಕಟ್ಟಿಗೆ ಕೂತ ಮೇಲೆ ಬಿಡುತ್ತಿದ್ದಳು. ಕುರ್ಚಿಯನ್ನು ಎಳೆದವಳಲ್ಲ, ಎತ್ತಿಯೇ ಇಡುತ್ತಿದ್ದಳು. ಸೀನು ಬಂದರೆ ಸೆರಗಿನೊಳಗೆ ಮುಖ ಹುದುಗಿಸಿ ಅದನ್ನು ಅಲ್ಲೇ ಮುಗಿಸಿಬಿಡುತ್ತಿದ್ದಳು.

"ಕಾಲಿಗೆ ಹತ್ತಿ ಕಟ್ಕೊಂಡೇ ಹುಟ್ಟಿದಾಳೆ ಕಣೇ," ಎನ್ನುತ್ತಿದ್ದ ಗಿರಣಿಯಮ್ಮನ ಗಂಡ. "ಮೊನ್ನೆ ಹಿಂದೆ ಬಂದು ನಿಂತಿದ್ಲು, ಚಹಾ ಹಿಡ್ಕೊಂಡು. ತಿರುಗಿ ನೋಡ್ತೀನಿ, ಜೀವ ಬಾಯಿಗೆ ಬಂತು."

ಗಂಡ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಗಿರಣಿ ಮುಚ್ಚಿದರೂ ಓಣಿಯವರ ಬಾಯಲ್ಲಿ ಫಿಟ್ಟರಾಗಿಯೇ ಉಳಿದಿದ್ದ. ಗಿರಣಿಯಮ್ಮನ ಹೆಸರೂ ಸುಮ್ಮನೆ ಬಂದದ್ದಲ್ಲ. ಅವಳ ತಾಯಿ ಅಲ್ಲಿ ಮಗ್ಗ ನಡೆಸುತ್ತಿದ್ದವಳು. ಹಸುಗೂಸನ್ನು ಬಿಡಲು ಬೇರೆ ಜಾಗವಿಲ್ಲದೆ ನೂಲಿನ ಬುಟ್ಟಿಯಲ್ಲಿ ಹಾಕಿ ಮಗ್ಗದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಕೂಸು ಹಾಯಾಗಿ ಮಲಗುತ್ತಿತ್ತಂತೆ. ರಜೆಯ ದಿನ ಮನೆಯಲ್ಲಿ ಮಾತ್ರ ಹಟ ಹಿಡಿದು ಅಳುತ್ತಿತ್ತಂತೆ. ಮಗ್ಗಕ್ಕೆ ಕೈ ಎಟುಕುವಷ್ಟು ಎತ್ತರ ಬಂದ ಮೇಲೆ ಅವಳೂ ಅಲ್ಲೇ ಕೆಲಸಕ್ಕೆ ನಿಂತಳು. ಗಿರಣಿಗೆ ಬೀಗ ಬೀಳುವವರೆಗೂ ನಿಂತೇ ಇದ್ದಳು.

ಹಾಗಾಗಿ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಪ್ರೀತಿ ಬಂದರೂ ಕೂಗು, ಉಪ್ಪು ಬೇಕಾದರೂ ಕೂಗು. ಮಗ ಲಿಫ್ಟ್ ಮೆಕ್ಯಾನಿಕ್ ಆದಾಗ ಜೊತೆಯವರು ನಕ್ಕಿದ್ದರಂತೆ: ನಿನಗೆ ಫೋನ್ ಯಾಕೆ ಮಾರಾಯ, ಮೇಲಿನ ಮಹಡಿಯಿಂದ ಬಾಯಿ ಬಿಟ್ಟರೆ ತಳಮನೆಯವನಿಗೆ ಕೇಳುತ್ತೆ. ಅವನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಯಾರೊಡನೆ ಮಾತಾಡುವುದಾದರೂ ಮೊದಲು ಅವರ ಭುಜ ಮುಟ್ಟಿ, ಮುಖ ತನ್ನತ್ತ ತಿರುಗಿದ ಮೇಲೆಯೇ ಬಾಯಿ ತೆರೆಯುತ್ತಿದ್ದ. ಚಿಕ್ಕಂದಿನಿಂದ ಹಾಗೆಯೇ. ಯಾಕೆಂದು ಅವನೂ ಯೋಚಿಸಿದವನಲ್ಲ.

ಅಂಥ ಮನೆಗೆ ಎರಡು ವರ್ಷದ ಕೆಳಗೆ ಈ ಸೊಸೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ. ಹೇಳಿಕೊಳ್ಳಲು ನಾಚಿಕೆಯಾಗುವ ಕಾಯಿಲೆಯವರೆಲ್ಲ ಅವಳ ಕೌಂಟರಿಗೇ ಹೋಗುತ್ತಾರೆ ಎಂದು ಮಗ ಹೆಮ್ಮೆಯಿಂದ ಹೇಳಿಕೊಂಡಿದ್ದ. ಈಗ ಹೆಣ್ಣು ಕೂಸಾಗಿ, ರಜೆ ಹಾಕಿ ಮನೆಯಲ್ಲಿದ್ದಳು. ಕೂಸು ಇನ್ನೂ ತೆವಳುತ್ತಿರಲಿಲ್ಲ.

ಕಿರಿಕಿರಿ ಶುರುವಾದದ್ದೇ ಕೂಸಿನಿಂದ. ಅಜ್ಜಿ ಬಾಗಿಲಲ್ಲಿ ನಿಂತು "ಕಂದಾ" ಅಂದರೆ ಸಾಕು, ಕೂಸು ಎರಡೂ ಕೈ ಮೇಲೆತ್ತಿ ಬೆಚ್ಚುತ್ತಿತ್ತು. ಸೊಸೆ ಬಂದು, ಒಂದು ಮಾತೂ ಆಡದೆ, ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ಮಾತಾಡದಿರುವುದೇ ಗಿರಣಿಯಮ್ಮನಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದರು.

"ಇನ್ನೊಂದ್ ಸೌಟು ಬೇಳೆ ಹಾಕ್ಲಾ?" ಗಿರಣಿಯಮ್ಮ ಕೇಳಿದಳು.

ಸೊಸೆ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದಳು.

"ನಿನ್ನೇ ಕೇಳ್ತಿರೋದು ತಾಯಿ. ಬೇಳೆ?"

ಸೊಸೆಯ ಗಲ್ಲ ಒಂದಿಷ್ಟು ಅಲುಗಿತು. ಅಷ್ಟೆ.

"ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತಾ?"

ಮಗ ತಾಯಿಯ ಭುಜ ಮುಟ್ಟಿದ. "ಬೇಡ ಅಂದ್ಲಲ್ಲಮ್ಮ. ಎರಡು ಸಲ ಅಂದ್ಲು."

"ಯಾವಾಗ ಅಂದ್ಲು? ಹೆಂಡ್ತಿ ಪರ ವಕಾಲತ್ತು ಹಾಕೋಕೆ ಬರ್ಬೇಡ. ರೀ, ನಿಮಗೆ ಕೇಳಿಸ್ತಾ?"

ಫಿಟ್ಟರ್ ತುತ್ತು ನುಂಗಿ ಹೇಳಿದ, "ನಂಗೆಲ್ಲಿ ಕೇಳುತ್ತೆ. ಈಗಿನ ಮಕ್ಕಳೆಲ್ಲ ಗಂಟಲಲ್ಲೇ ಮಾತಾಡಿ ಗಂಟಲಲ್ಲೇ ಮುಗಿಸ್ತಾರೆ."

"ನೋಡಿದ್ಯಾ? ಇಬ್ಬರಿಗೂ ಕೇಳಿಸ್ಲಿಲ್ಲ. ಅಂದ್ರೆ ಹೇಳಿಲ್ಲ ಅಂತಲೇ."

ಅಷ್ಟರಲ್ಲಿ ಒಳಗೆ ಕೂಸು ಎದ್ದಿರಬೇಕು. ಸೊಸೆ ಅರ್ಧ ಊಟ ಬಿಟ್ಟು ಎದ್ದು ಹೋದಳು. ತಟ್ಟೆ ಸದ್ದಿಲ್ಲದೆ ನೆಲಕ್ಕೆ ಕೂತಿತು. ಸಿಟ್ಟಿನಲ್ಲೂ ಹಾಗೆ ಇಡುವುದು ಹೇಗೆ ಸಾಧ್ಯ ಎಂದು ಗಿರಣಿಯಮ್ಮ ಆ ತಟ್ಟೆಯನ್ನೇ ನೋಡಿದಳು. ತನಗೆ ಸಿಟ್ಟು ಬಂದರೆ ಪಕ್ಕದ ಮನೆಯ ಪಾತ್ರೆಯೂ ಅದುರುತ್ತದೆ. ಇವಳಿಗೆ ಸಿಟ್ಟು ಬಂದಷ್ಟೂ ಎಲ್ಲ ಇನ್ನೂ ಮೆತ್ತಗಾಗುತ್ತದೆ.

ಮುಂದಿನ ವಾರ ಹಾಲಿನ ಪ್ರಸಂಗ ನಡೆಯಿತು.

ಸೊಸೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ವಿಷಯ ಮಾತಾಡಲು ಅಂಗಡಿಗೆ ಹೊರಟಿದ್ದಳು. ಗಿರಣಿಯಮ್ಮ ಅಡುಗೆಮನೆಯ ಹಿಂಬಾಗಿಲ ಹತ್ತಿರ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಳ್ಳುತ್ತಿದ್ದಳು. ಸೊಸೆ ಶೆಲ್ಫಿನಿಂದ ಚೀಲ ತೆಗೆದುಕೊಂಡದ್ದು ಕಂಡಿತು. ಹೋದಳು. ಕೂಸು ಒಳಗೆ ಮಲಗಿತ್ತು, ಫಿಟ್ಟರ್ ಪೇಟೆಗೆ ಹೋಗಿದ್ದ. ಗಿರಣಿಯಮ್ಮ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತ, ಒಣಹಾಕುತ್ತ ಇದ್ದಳು.

ಯಾರೋ ತೋಳು ಹಿಡಿದು ಜಗ್ಗಿದಾಗ ತಿರುಗಿ ನೋಡಿದಳು. ಪಕ್ಕದ ಮನೆಯ ಟೈಲರ್. ಅವನ ಹೆಗಲ ಮೇಲೆ ಕೂಸು. ಅತ್ತೂ ಅತ್ತೂ ಮುಖ ಕೆಂಪು ಬೀಟ್‌ರೂಟ್ ಆಗಿತ್ತು. ಅವನ ಹಿಂದೆ ಅಡುಗೆಮನೆಯ ಕಿಟಕಿಯಿಂದ ಹೊಗೆ ಉರುಳಿ ಬರುತ್ತಿತ್ತು. ಒಲೆಯ ಮೇಲೆ ಹಾಲೆಲ್ಲ ಆವಿಯಾಗಿ ಪಾತ್ರೆ ಕರಕಾಗಿತ್ತು.

"ಅಷ್ಟೊತ್ತಿಂದ ಮಗು ಅಳ್ತಿತ್ತಲ್ಲಮ್ಮ," ಎಂದ ಟೈಲರ್. "ನನ್ನ ಮಿಷಿನ್ ಸದ್ದಲ್ಲೂ ಕೇಳಿಸ್ತು. ನಿಮಗೆ ಕೇಳಿಸ್ಲಿಲ್ವಾ?"

"ನಲ್ಲಿ ಬಿಟ್ಟಿದ್ದೆ," ಎಂದಳು ಗಿರಣಿಯಮ್ಮ. "ನೀರಿನ ಸದ್ದು."

ನಲ್ಲಿ ಮುಚ್ಚಿತ್ತು. ಟೈಲರ್ ಅತ್ತ ನೋಡಲಿಲ್ಲ.

ಅಷ್ಟರಲ್ಲಿ ಅಂಗಡಿಯಿಂದ ಮರಳಿದ ಸೊಸೆ ಕೂಸನ್ನು ಎದೆಗೊತ್ತಿಕೊಂಡು ನಿಂತಳು. ಅವಳ ತುಟಿ ಬಿಳುಚಿಕೊಂಡಿತ್ತು. ಏನೋ ಅಂದಳು, ಕೂಸಿನ ನೆತ್ತಿಗೆ ಹೇಳಿದಂತೆ.

"ಏನಂತೆ?" ಗಿರಣಿಯಮ್ಮ ಟೈಲರನ್ನು ಕೇಳಿದಳು.

"ಹಾಲು ಇಟ್ಟಿದೀನಿ, ನೋಡ್ಕೊಳಿ ಅಂತ ಹೇಳಿ ಹೋಗಿದ್ರಂತೆ."

"ಸುಳ್ಳು. ನನ್ನ ಕಣ್ಣ ಮುಂದೇನೇ ಹೋದ್ಲು, ಒಂದಕ್ಷರ ಹೇಳ್ಲಿಲ್ಲ."

ಸೊಸೆ ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಕಳ್ಳತನವಿರಲಿಲ್ಲ. ಗಿರಣಿಯಮ್ಮನ ನೋಟದಲ್ಲೂ ಇರಲಿಲ್ಲ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು, ಇಬ್ಬರೂ ಎದುರಿನವಳು ಸುಳ್ಳಿ ಎಂದು ನಂಬಿದರು.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಗಿರಣಿಯಮ್ಮ ಗೋಡೆ ಗಡಿಯಾರವನ್ನು ಇಳಿಸಿದಳು. ಬಲಗಿವಿಗೆ ಒತ್ತಿ ಹಿಡಿದಳು. ತೆಗೆದು ನೋಡಿದಳು. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಎಡಗಿವಿಗೆ ಹಿಡಿದಳು. ಮತ್ತೆ ನೋಡಿದಳು. ಓಡುತ್ತಲೇ ಇತ್ತು. ಆಮೇಲೆ ಒಂದು ಚಮಚವನ್ನು ಲೋಟಕ್ಕೆ ತಟ್ಟಿದಳು, ಬಾಗಿಲನ್ನು ದಡಾರನೆ ಹಾಕಿದಳು. ಬಾಗಿಲಿನದು ಎದೆಗೇ ಬಂತು, ಚಮಚದ್ದು ಬರಲಿಲ್ಲ. ಫಿಟ್ಟರನ ದಪ್ಪ ದನಿ, ಲಾರಿ, ಗುಡುಗು, ಇವೆಲ್ಲ ಇದ್ದವು. ಗಡಿಯಾರ, ಚಮಚ, ಕೂಸಿನ ಅಳು, ಸೊಸೆ, ಇಷ್ಟು ಯಾವಾಗಲೋ ಹೇಳದೆ ಕೇಳದೆ ಹೊರಟುಹೋಗಿದ್ದವು. ಗಡಿಯಾರವನ್ನು ಮತ್ತೆ ಮೊಳೆಗೆ ತಗುಲಿಸಿದಳು, ಸೊಟ್ಟಗೆ ನೇತಾಡಿದ್ದನ್ನು ಸರಿಮಾಡಲಿಲ್ಲ.

ಯಾರಿಗೂ ಹೇಳಲಿಲ್ಲ. ಜಗಳಗಂಟಿ ಎನ್ನಿಸಿಕೊಂಡವಳ ಕೈಗೂ ಮೊಮ್ಮಗಳನ್ನು ಕೊಡುತ್ತಾರೆ. ಅಳು ಕೇಳದವಳ ಕೈಗೆ ಯಾರು ಕೊಡುತ್ತಾರೆ?

ಆ ವಾರದ ಕೊನೆಗೆ ಮಗ ಭುಜ ಮುಟ್ಟಿದ. "ಅಮ್ಮ, ಸೇತುವೆ ಆಚೆ ಒಂದು ಮನೆ ನೋಡಿದೀನಿ. ಮುಂಗಡ ಕೊಟ್ಟಾಯ್ತು. ತಿಂಗಳ ಕೊನೆಗೆ ಹೋಗ್ತೀವಿ."

"ಯಾರು ಹೋಗ್ತೀರಾ?"

"ನಾವು ಮೂರು ಜನ."

"ಹಾಲಿನ ಪಾತ್ರೆ ಸುಟ್ಟಿದ್ದಕ್ಕೆ ಮನೆ ಬಿಟ್ಟು ಹೋಗ್ತೀರಾ? ಹೊಸ ಪಾತ್ರೆ ತಂದ್ಕೊಡ್ತೀನಿ ಬಿಡು."

"ಪಾತ್ರೆ ವಿಷಯ ಅಲ್ಲಮ್ಮ. ನೀನು ಮಾತಾಡಿದ್ರೆ ಅವಳು ಅರ್ಧ ಊಟ ಬಿಟ್ಟು ಏಳ್ತಾಳೆ. ಅವಳು ಮಾತಾಡಲ್ಲ ಅಂತ ನಿಂಗೆ ಮೈ ಉರಿಯುತ್ತೆ. ಮಧ್ಯದಲ್ಲಿ ನಾನು ಎರಡು ಮಹಡಿ ನಡುವೆ ಸಿಕ್ಕಿಹಾಕ್ಕೊಂಡ ಲಿಫ್ಟ್ ಆಗಿದೀನಿ."

"ಹೋಗ್ಲಿ ಬಿಡೆ," ಎಂದು ಫಿಟ್ಟರ್ ಟಿವಿಯ ದನಿ ಏರಿಸಿದ. "ಸೇತುವೆ ಆಚೆ ತಾನೆ. ಇಲ್ಲಿಂದ ಕೂಗಿದ್ರೆ ಕೇಳುತ್ತೆ."

ಯಾರೂ ನಗಲಿಲ್ಲ.

ಗಂಟುಮೂಟೆ ಶುರುವಾಯಿತು. ರಟ್ಟಿನ ಪೆಟ್ಟಿಗೆಗಳು ಒಂದೊಂದಾಗಿ ಗೋಡೆಯುದ್ದಕ್ಕೂ ನಿಂತವು. ಗಿರಣಿಯಮ್ಮ ತನ್ನ ಕೈಲಾದ ಪ್ರಯತ್ನ ಮಾಡಿದಳು. ಕೂಸಿನ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದೇನೆ ಎಂದುಕೊಂಡು ಮಾತಾಡುವಳು. ಕೂಸು ಬೆಚ್ಚುವುದು. ಇನ್ನೂ ತಗ್ಗಿಸುವಳು. ಮತ್ತೆ ಬೆಚ್ಚುವುದು. ಎಷ್ಟು ತಗ್ಗಿದೆ ಎಂದು ಅಳೆಯಲು ಅವಳ ಬಳಿ ಯಾವ ಮಾಪನವೂ ಇರಲಿಲ್ಲ. ಕೊನೆಗೆ ಬಾಯಿ ಮುಚ್ಚಿ ತೊಟ್ಟಿಲ ಪಕ್ಕ ಕೂತುಬಿಡುತ್ತಿದ್ದಳು. ಕೂಸು ಅವಳ ಬಾಯನ್ನೇ ನೋಡುತ್ತ ಮಲಗಿರುತ್ತಿತ್ತು.

ಹೊರಡುವ ಹಿಂದಿನ ದಿನ ಸಾಮಾನು ಕಟ್ಟಲು ಸೊಸೆಯ ತಂಗಿ ಬಂದಳು. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಕೋಣೆಯಲ್ಲಿ ಬೆಳೆದವರು ಇವರು ಎಂದರೆ ಯಾರೂ ನಂಬುವಂತಿರಲಿಲ್ಲ. ಅಕ್ಕ ಉಸಿರಾಡುವುದೂ ಗೊತ್ತಾಗುತ್ತಿರಲಿಲ್ಲ. ತಂಗಿ ಬಸ್ಸಿಳಿಯುವ ಮೊದಲೇ ಓಣಿಯ ಈ ತುದಿಗೆ ಕೇಳಿಸುತ್ತಿದ್ದಳು. ಗಿರಣಿಯಮ್ಮನಿಗೆ ಅವಳನ್ನು ಕಂಡರೆ ಬಲು ಇಷ್ಟ.

"ಅತ್ತೆ, ಚೆನ್ನಾಗಿದೀರಾ?" ಎಂದು ಬಾಗಿಲಲ್ಲೇ ಶುರು ಮಾಡಿದಳು. "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ. ಏನ್ ಮಾವ, ಟಿಕೆಟ್ ಆಯ್ತಾ?"

"ನಂದು ಪಾಸ್," ಎಂದ ಫಿಟ್ಟರ್. ಊಟ ಮಾಡಿ ಹೊರಗಿನ ಬೆಂಚಿನ ಮೇಲೆ ಮಲಗಿಬಿಟ್ಟ.

ಮಧ್ಯಾಹ್ನ ಗಿರಣಿಯಮ್ಮ ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹೇರಿಕೊಂಡು ಒಳಗೆ ಬಂದಳು. ನಡುಮನೆಯ ಬಾಗಿಲಲ್ಲಿ ನಿಂತಳು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ತೊಟ್ಟಿಲಿನ ಆ ಕಡೆ ಅಕ್ಕ, ಈ ಕಡೆ ತಂಗಿ, ನೆಲದ ಮೇಲೆ ಪೆಟ್ಟಿಗೆಗಳ ನಡುವೆ ಕೂತು ಮಾತಾಡುತ್ತಿದ್ದರು. ತಂಗಿಯ ಬಾಯಿ ಅಗಲವಾಗಿ ತೆರೆದು ಮುಚ್ಚುತ್ತಿತ್ತು, ಹುಬ್ಬು ಏರಿ ಇಳಿಯುತ್ತಿತ್ತು. ಆದರೆ ದನಿ ಇಲ್ಲ.

ಬೆಳಿಗ್ಗೆ ತಾನೆ ಇವಳ ದನಿ ಕೇಳಿತ್ತು. ಅಷ್ಟರಲ್ಲೇ ಇದೂ ಹೋಯಿತೆ? ಗಿರಣಿಯಮ್ಮ ಬಟ್ಟೆಯ ರಾಶಿಯನ್ನು ಎದೆಗೆ ಅವುಚಿಕೊಂಡಳು. ಹೊರಗೆ ಫಿಟ್ಟರ್ ಕೆಮ್ಮಿದ. ಅದು ಕೇಳಿತು. ಲಾರಿಯೊಂದು ಹಾರ್ನ್ ಹೊಡೆಯಿತು. ಅದೂ ಕೇಳಿತು.

ಆಗ ಅವಳು ಸರಿಯಾಗಿ ನೋಡಿದಳು.

ಇವರು ದನಿಯೇ ಬಿಡುತ್ತಿರಲಿಲ್ಲ. ದನಿ ಬಿಟ್ಟು ಮಾತಾಡುವವರು ತುಟಿಯನ್ನು ಇಷ್ಟು ಪೂರ್ತಿ ಬಳಸುವುದಿಲ್ಲ. ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ತಿದ್ದಿ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ತೋರಿಸಿ, ಮಾತಿನ ಕೊನೆಗೆ ಗಲ್ಲ ಎತ್ತಿ ನಿಲ್ಲಿಸುವುದು. ಮಗ್ಗದ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳದು. ಅದಕ್ಕೇ ಅಲ್ಲಿನ ಹೆಂಗಸರು ದನಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಈ ಸಾಲಿನವಳು ಆ ಸಾಲಿನವಳಿಗೆ ಗಂಡನ ದೂರು, ನೆಂಟರ ಚಾಡಿ, ಅಡುಗೆಯ ಯೋಚನೆ ಎಲ್ಲವನ್ನೂ ಹೀಗೇ ದಾಟಿಸುತ್ತಿದ್ದಳು. ತುಟಿಮಾತು ಎನ್ನುತ್ತಿದ್ದರು ಅದನ್ನು. ಅಲ್ಲಿ ಬೆಳೆದ ಮಗುವಿಗೆ ತಾಯಿಯ ದನಿಗಿಂತ ಮೊದಲು ತಾಯಿಯ ತುಟಿ ಗೊತ್ತಾಗುತ್ತಿತ್ತು. ಗಿರಣಿ ಮುಚ್ಚಿದ ಮೇಲೆ ಆ ಮಾತು ಆಡುವವರನ್ನು ಗಿರಣಿಯಮ್ಮ ಮತ್ತೆಲ್ಲೂ ನೋಡಿರಲಿಲ್ಲ.

ಇಲ್ಲಿ, ಅವಳ ನಡುಮನೆಯಲ್ಲಿ, ಗಿರಣಿಯ ಗೇಟನ್ನೂ ಕಾಣದ ಇಬ್ಬರು ಹುಡುಗಿಯರು ಅದನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದರು. ಅವಳಿಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ಎರಡು ವರ್ಷ ಮುಚ್ಚಿದ್ದ ಕಿಟಕಿಯನ್ನು ಯಾರೋ ಹೊರಗಿನಿಂದ ತೆಗೆದಂತಾಯಿತು.

"ಅಂತೂ ಬಿಡುಗಡೆ ಆಯ್ತು ಅನ್ನು," ಎನ್ನುತ್ತಿದ್ದಳು ತಂಗಿ.

"ಏನು ಬಿಡುಗಡೆ," ಎಂದಳು ಸೊಸೆ. ಆಹಾ, ಎಷ್ಟು ಮಾತು ಆ ಬಾಯಲ್ಲಿ. "ಅತ್ತೆ ಕೂಗಿದಾಗೆಲ್ಲ," ಎಂದು ಎರಡು ಬೆರಳನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟು ತೋರಿಸಿದಳು, "ಎದ್ದುಬಿಡ್ತಾರೆ ಅಂತ ಈಗಲೂ ಮಗೂನ ಎತ್ಕೊಂಡು ಒಳಗೆ ಓಡ್ತೀನಿ ಕಣೆ. ಅಪ್ಪ ಸತ್ತು ಎಷ್ಟು ವರ್ಷ ಆಯ್ತು. ಇವತ್ತಿಗೂ ಚಮಚ ಬಿದ್ರೆ ಗೋಡೆ ಕಡೆ ನೋಡ್ತೀನಿ."

"ನಾನು ಬಸ್ಸಲ್ಲಿ ಕೂಗ್ತೀನಲ್ಲ, ಅವರು ಮಲಗಿದ್ದಷ್ಟೂ ದಿನದ್ದು ಬಡ್ಡಿ ಸಮೇತ ವಸೂಲಿ," ಎಂದಳು ತಂಗಿ.

ಸೊಸೆ ನಕ್ಕಳು, ಅದೂ ದನಿಯಿಲ್ಲದೆ. ಆಮೇಲೆ ತೊಟ್ಟಿಲೊಳಗೆ ನೋಡಿದಳು. "ನಂಗೆ ಇವಳದ್ದೇ ಭಯ. ಆ ಮನೇಲಿ ಸದ್ದು ಮಾಡೋರು ಯಾರಿರ್ತಾರೆ? ಇವರು ಕೆಲಸಕ್ಕೆ ಹೋಗ್ತಾರೆ. ರಜೆ ಮುಗಿಯೋವರೆಗೂ ನಾನೂ ಇವಳೂ ಇಬ್ಬರೇ. ಇವಳೂ ನನ್ನ ಹಾಗೇ ಆಗ್ತಾಳೆ. ಅತ್ತೆ ಕೂಗಿದ್ರೆ ಬೆಚ್ಚುತ್ತೆ ನಿಜ. ಆದ್ರೆ ಆಮೇಲೆ ಅವರು ಹೋದ ದಿಕ್ಕಿಗೇ ಕತ್ತು ತಿರುಗಿಸಿ ಹುಡುಕುತ್ತೆ. ನಾನು ಕರೆದ್ರೆ ತಿರುಗೋದೇ ಇಲ್ಲ."

"ಇದನ್ನ ಅತ್ತೆಗೆ ಹೇಳ್ಬೋದಿತ್ತಲ್ಲ."

"ಹೇಳ್ತೀನಿ, ಹೇಳ್ತಾನೇ ಇದೀನಿ. ಅವರು ನನ್ನ ಯಾವ ಮಾತಿಗೂ ಉತ್ತರ ಕೊಡಲ್ಲ. ಬೇಕಂತಲೇ."

ಗಿರಣಿಯಮ್ಮನ ತೋಳಿನಿಂದ ಬಟ್ಟೆಗಳು ಜಾರಿ ಬಿದ್ದವು. ಸದ್ದಾಗಲಿಲ್ಲ, ಬಟ್ಟೆ ತಾನೆ. ಆದರೂ ಇಬ್ಬರೂ ಒಟ್ಟಿಗೆ ತಿರುಗಿದರು. ನೆಲದ ಅಲುಗಾಟದಿಂದಲೇ ಆಳು ಬಂದದ್ದು ತಿಳಿಯುವವರು.

ಬಾಗಿಲಲ್ಲೇ ನಿಂತು, ದನಿ ಬಿಡದೆ, ಮಗ್ಗದ ದಿನಗಳ ಹಾಗೆ ಗಲ್ಲ ಎತ್ತಿ ಗಿರಣಿಯಮ್ಮ ಕೇಳಿದಳು: "ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?"

ಸೊಸೆಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಉತ್ತರ ಕೊಟ್ಟವಳು ತಂಗಿ, ಅದೇ ತುಟಿಯಲ್ಲಿ. "ಬೇಕರಿ ಒಲೆ, ಅತ್ತೆ. ರಾತ್ರಿಯೆಲ್ಲ ಬ್ರೆಡ್ ಸುಡೋದು. ಹಗಲು ಮಲಗೋದು. ನಮ್ಮ ಮನೆ ಒಂದೇ ಕೋಣೆ."

"ಮಲಗಿದವರನ್ನ ಎಬ್ಬಿಸಿದ್ರೆ?"

ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಗಿರಣಿಯಮ್ಮ ಮತ್ತೆ ಕೇಳಲಿಲ್ಲ.

ಸೊಸೆ ಕೊನೆಗೆ ಮಾತಾಡಿದಳು. ನೆಲ ನೋಡದೆ, ಮುಖಕ್ಕೆ ಮುಖ ಕೊಟ್ಟು, ತುಟಿಯಲ್ಲಿ. "ನಿಮಗೆ ಇದು ಹೇಗೆ ಬರುತ್ತೆ?"

"ನಾನು ಇದರಲ್ಲೇ ಹುಟ್ಟಿದ್ದು," ಎಂದಳು ಗಿರಣಿಯಮ್ಮ. ಹತ್ತಿರ ಬಂದು ತೊಟ್ಟಿಲ ಪಕ್ಕ ಕೂತಳು. "ನಿಮ್ಮ ಮನೇಲಿ ಸದ್ದು ಮಾಡಬಾರದು ಅಂತ. ನಮ್ಮ ಶೆಡ್ಡಲ್ಲಿ ಸದ್ದು ಮಾಡಿ ಪ್ರಯೋಜನ ಇಲ್ಲ ಅಂತ. ನೋಡು, ಸೂಪರ್‌ವೈಸರ್ ಬಂದ ಅಂದ್ರೆ ಹೀಗೆ." ಬೆರಳಿನಿಂದ ಮೀಸೆ ಎಳೆದು ತೋರಿಸಿದಳು. ತಂಗಿ ಎರಡು ಬೆರಳನ್ನು ರೆಪ್ಪೆಯ ಮೇಲಿಟ್ಟಳು. ಗಿರಣಿಯಮ್ಮನಿಗೆ ನಗು ಉಕ್ಕಿತು. ದನಿ ಹೊರಗೆ ಹಾರದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಇಳಿಯುವಷ್ಟರಲ್ಲಿ ಅದು ಬೇರೆ ಏನೋ ಆಗಿತ್ತು.

ಹೇಳದಿದ್ದರೂ ನಡೆಯುತ್ತಿತ್ತು. ನಾಳೆ ಗಾಡಿ ಬರುತ್ತಿತ್ತು, ಇವರು ಹೋಗುತ್ತಿದ್ದರು, ಗುಟ್ಟು ಅವಳ ಹತ್ತಿರವೇ ಉಳಿಯುತ್ತಿತ್ತು.

"ಆ ದಿನ ಹಾಲು," ಎಂದಳು. ತುಟಿ ಅದುರಿದ್ದರಿಂದ ಮಾತು ಕಲಸಿಹೋಯಿತು, ಮತ್ತೆ ತಿದ್ದಿ ಹೇಳಿದಳು. "ನೀನು ಹೇಳಿರ್ತೀಯ. ನಂಗೆ ಕೇಳಿಸ್ಲಿಲ್ಲ. ನಿನ್ನ ಮಾತು ಯಾವತ್ತೂ ಕೇಳಿಸಿಲ್ಲ. ಮಗು ಅತ್ತಿದ್ದೂ ಕೇಳಿಸ್ಲಿಲ್ಲ. ನಲ್ಲಿ ಮುಚ್ಚಿತ್ತು."

ಸೊಸೆ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಕರ್ಕೊಂಡು ಹೋಗು. ಸಿಟ್ಟಲ್ಲಿ ಹೇಳ್ತಿಲ್ಲ. ಅಳು ಕೇಳದವಳ ಹತ್ರ ಮಗು ಬಿಡಬಾರದು."

ಎರಡು ವರ್ಷದ ಊಟಗಳು, ಬೇಳೆಯ ಸೌಟು, ಅರ್ಧಕ್ಕೆ ಬಿಟ್ಟ ತಟ್ಟೆಗಳೆಲ್ಲ ಸೊಸೆಯ ಕಣ್ಣ ಮುಂದೆ ಒಂದೊಂದಾಗಿ ಮಗುಚಿಕೊಳ್ಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಗಿರಣಿಯಮ್ಮನೂ ಅದೇ ಲೆಕ್ಕದಲ್ಲಿದ್ದಳು. ಆ ತಟ್ಟೆಗಳ ಮೌನದಲ್ಲಿ ಸೊಸೆಯ ಬೆರಳಿನದೆಷ್ಟು, ತನ್ನ ಕಿವಿಯದೆಷ್ಟು?

"ಅದಕ್ಕೇ ಇವರು ಭುಜ ಮುಟ್ಟೋದು," ಎಂದಳು ಸೊಸೆ ನಿಧಾನವಾಗಿ. "ನೀರು ಬೇಕು ಅನ್ನೋಕೂ ಭುಜ ಮುಟ್ಟಿ, ನಾನು ತಿರುಗೋವರೆಗೂ ಕಾಯ್ತಾರೆ. ಎಲ್ಲಿ ಕಲಿತ್ರು ಇದನ್ನ ಅಂತ ಅಂದ್ಕೊಳ್ತಿದ್ದೆ."

ಗಿರಣಿಯಮ್ಮ ಕಣ್ಣರಳಿಸಿ ನೋಡಿದಳು. ಮಗ ಇಷ್ಟುದ್ದ ಇದ್ದಾಗಿನಿಂದ ಸೆರಗು ಎಳೆದು, ಭುಜ ಮುಟ್ಟಿ, ಮುಖ ತಿರುಗಿಸಿಕೊಂಡೇ ಮಾತಾಡಿದವನು. ಹಾಗಾದರೆ ಆಗಲೇ ಶುರುವಾಗಿತ್ತು. ತನಗೇ ಗೊತ್ತಿಲ್ಲದ್ದು ಆ ಚಿಕ್ಕ ಹುಡುಗನ ಕೈಗೆ ಗೊತ್ತಿತ್ತು.

"ನಾನು ಆವತ್ತು ಹಾಲಿನ ವಿಷಯ ಶೆಲ್ಫಿಗೆ ಹೇಳಿ ಹೋದೆ, ನಿಮಗಲ್ಲ," ಎಂದಳು ಸೊಸೆ. "ಮಾತನ್ನ ಎದೆ ಕಡೆಗೇ ಬಗ್ಗಿಸಿ ಆಡಬೇಕು, ಆಗ ಕೋಣೆ ದಾಟಲ್ಲ ಅಂತ ಅಮ್ಮ ಹೇಳ್ಕೊಟ್ಟಿದ್ರು. ಅತ್ತೆ, ನೀವು ನೋಡ್ಕೊಳಿ ಸಾಕು. ಕೇಳಿಸ್ಕೊಳ್ಳೋಕೆ ನಾನಿದೀನಿ. ಕೇಳಿಸದಿದ್ದಾಗ ಕೇಳಿಸ್ಲಿಲ್ಲ ಅಂದುಬಿಡಿ. ನಲ್ಲಿ ಮೇಲೆ ಹಾಕ್ಬೇಡಿ."

ಅಷ್ಟರಲ್ಲಿ ಅವಳ ಪಕ್ಕದಲ್ಲಿದ್ದ ಫೋನು ನೆಲದ ಮೇಲೆ ಅದುರಿತು. ಸಾಮಾನು ಸಾಗಿಸುವ ಗಾಡಿಯವನು. ಮಗ ಲಿಫ್ಟಿನ ಗುಂಡಿಯೊಳಗೆ ಇಳಿದರೆ ಫೋನು ಎತ್ತುವುದಿಲ್ಲವೆಂದು ಹೆಂಡತಿಯ ನಂಬರು ಕೊಟ್ಟಿದ್ದ. ಅವಳೋ ಫೋನಿನಲ್ಲಿ ಮಾತಾಡಿದವಳೇ ಅಲ್ಲ.

"ಕೊಡು, ನಾನು ಹೇಳ್ತೀನಿ. ಏನು ಹೇಳ್ಲಿ?" ಎಂದು ತಂಗಿ ಕೈಚಾಚಿದಳು.

ಸೊಸೆ ಕೊಡಲಿಲ್ಲ. ಎದ್ದು ನಿಂತು ಫೋನು ಕಿವಿಗಿಟ್ಟುಕೊಂಡಳು. ತುಟಿ ಅಲುಗಿಯೂ ಅಲುಗದ ಹಾಗೆ ಏನೋ ಅಂದಳು. ಮತ್ತೆ ಅಂದಳು. ಆಮೇಲೆ ಗಿರಣಿಯಮ್ಮನ ಕಡೆ ನೋಡಿ ತುಟಿಯಲ್ಲಿ ಹೇಳಿದಳು, "ಕೇಳಿಸ್ತಿಲ್ಲವಂತೆ. ರಸ್ತೆಯಲ್ಲಿದಾನಂತೆ. ನಾಳೆ ಎಷ್ಟು ಹೊತ್ತಿಗೆ ಬರಲಿ ಅಂತ ಕೂಗ್ತಿದಾನೆ."

ಗಿರಣಿಯಮ್ಮ ಎದ್ದು ಅವಳ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟಳು. "ಗಂಟಲಿಂದ ಅಲ್ಲ. ಇಲ್ಲಿಂದ."

"ಮಗು ಏಳುತ್ತೆ."

"ಏಳಲಿ. ಬೈಯೋರು ಯಾರೂ ಮಲಗಿಲ್ಲ ಇಲ್ಲಿ."

ಅಂಗೈ ಕೆಳಗೆ ಹೊಟ್ಟೆ ಬಿಗಿಯಿತು. ಒಂದು ಸಲ ಬಿಗಿದು ಸಡಿಲವಾಯಿತು. ಎರಡನೇ ಸಲ ಬಿಗಿದು ನಿಂತಿತು. ಆಮೇಲೆ ಸೊಸೆ ಕೂಗಿದಳು.

"ಗಾಡಿ ಬೇಡ. ನಾಳೆ ಬೇಡ, ಯಾವತ್ತೂ ಬೇಡ. ನಾವು ಎಲ್ಲೂ ಹೋಗ್ತಿಲ್ಲ."

ಗಿರಣಿಯಮ್ಮ ಅದನ್ನು ಮೊದಲು ಅಂಗೈಯಲ್ಲಿ ಕೇಳಿದಳು, ಆಮೇಲೆ ಕಿವಿಯಲ್ಲಿ. ತನ್ನ ಸೊಸೆಗೆ ಒಂದು ದನಿ ಇತ್ತು. ತೆಳ್ಳಗಿರಬಹುದು ಎಂದುಕೊಂಡಿದ್ದಳು, ತೆಳ್ಳಗಿರಲಿಲ್ಲ. ದಪ್ಪ ದನಿ, ಅಂಚಿನಲ್ಲಿ ಸ್ವಲ್ಪ ಒಡಕು, ಬಹಳ ಕಾಲ ತೆಗೆಯದೇ ಇದ್ದ ಕಬ್ಬಿಣದ ಗೇಟಿನಂತೆ. ಇಷ್ಟು ದಿನ ಈ ದನಿಯೂ ಇದೇ ಮನೆಯಲ್ಲಿ ಊಟ ಮಾಡಿತ್ತು, ಪಾತ್ರೆ ತೊಳೆದಿತ್ತು, ಹೆತ್ತಿತ್ತು. ಗಿರಣಿಯಮ್ಮ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಳು, ತೆಗೆದರೆ ಎಲ್ಲಿ ನಿಂತುಹೋಗುತ್ತದೋ ಎನ್ನುವ ಹಾಗೆ.

ತೊಟ್ಟಿಲಲ್ಲಿ ಕೂಸು ಎರಡೂ ಕೈ ಮೇಲೆತ್ತಿ ಬೆಚ್ಚಿತು. ತುಟಿ ಸೊಟ್ಟ ಮಾಡಿತು. ಆಮೇಲೆ ಕತ್ತು ತಿರುಗಿಸಿ ತಾಯಿಯನ್ನು ಹುಡುಕಿತು, ಬಾಗಿಲ ಕಡೆಗಲ್ಲ, ಅಜ್ಜಿಯ ಕಡೆಗಲ್ಲ, ಸರಿಯಾಗಿ ತಾಯಿಯ ಕಡೆಗೇ. ಸೊಸೆ ಫೋನನ್ನು ಪೆಟ್ಟಿಗೆಯ ಮೇಲೆ ಇಟ್ಟಳು. ಟಕ್ ಎಂದಿತು ಎಂದು ಆಮೇಲೆ ತಂಗಿ ಹೇಳಿದಳು.

ಮಗ ಬಂದಾಗ ಹೊತ್ತು ಇಳಿದಿತ್ತು. ಓಣಿಯ ತುದಿಯಲ್ಲಿ ಟೈಲರ್ ಏನೋ ಹೇಳಿರಬೇಕು, ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ನುಗ್ಗಿದ. ಪೆಟ್ಟಿಗೆಗಳ ದಾರ ಬಿಚ್ಚಿತ್ತು. ಹೆಂಡತಿ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ನಡೆದಾಡುತ್ತಿದ್ದಳು. ಅವನು ಬಂದು ಅವಳ ಭುಜ ಮುಟ್ಟಿದ.

"ಏನಮ್ಮ ಆಯ್ತು? ಯಾರು ಕೂಗಿದ್ದು? ಬೀದಿಗೆಲ್ಲ ಕೇಳಿಸ್ತಂತೆ."

ಗಿರಣಿಯಮ್ಮ ತಿರುಗಿ, ಗಲ್ಲ ಎತ್ತಿ, ದನಿಯ ಒಂದೆಳೆಯನ್ನೂ ಬಿಡದೆ ಹೇಳಿದಳು.

"ನಿನ್ನ ಹೆಂಡ್ತಿ. ಮೆಲ್ಲಗೆ ಮಾತಾಡು, ಮಗು ಮಲಗ್ತಿದೆ."

"ಸರಿ," ಎಂದ ಮಗ, ತುಟಿಯಲ್ಲೇ. ಚಪ್ಪಲಿ ಕಳಚಲು ಬಾಗಿಲಿಗೆ ಹೋದ. ತಾಯಿಯ ಬಾಯಿಂದ ದನಿ ಬರಲಿಲ್ಲವೆಂಬುದು ಅವನ ಗಮನಕ್ಕೇ ಬಂದಿರಲಿಲ್ಲ.